ರಕ್ಷಣಾ ವೆಚ್ಚ ಒಂದೇ ವರ್ಷದಲ್ಲಿ ಅಷ್ಟು ಏರಿತೇ?

ಪ್ರಶ್ನೆ: ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ 2015-16ರಲ್ಲಿ 2.47 ಲಕ್ಷ ಕೋಟಿ ರೂಪಾಯಿ, ಮರುವರ್ಷ 3.41 ಲಕ್ಷ ಕೋಟಿ. ಈ ಜಿಗಿತ ನಿಜವೇ?
– ಓದುಗರು, ಬ್ಯಾಡಗಿ

ಉತ್ತರ: ಅಲ್ಲ. ಮೊದಲಿನ ಅಂಕಿಯಲ್ಲಿ ಪಿಂಚಣಿ ಇರಲಿಲ್ಲ. ಎರಡನೆಯದರಲ್ಲಿ ಸುಮಾರು 82 ಸಾವಿರ ಕೋಟಿ ಪಿಂಚಣಿ ಸೇರಿದೆ. ನಿಮ್ಮೂರ ಮಾರುಕಟ್ಟೆಯಲ್ಲಿ ಒಂದು ಚೀಲ ಮೆಣಸಿನಕಾಯಿಯನ್ನು ಗೋಣಿ ಕಳೆದು, ಇನ್ನೊಂದನ್ನು ಗೋಣಿ ಸಮೇತ ತೂಗಿದ ಹಾಗೆ. ಪಿಂಚಣಿ ತೆಗೆದರೆ ಉಳಿಯುವುದು 2.59 ಲಕ್ಷ ಕೋಟಿ; ಏರಿಕೆ ಶೇ 5ರ ಆಸುಪಾಸು ಅಷ್ಟೇ.

ಬಜೆಟ್ ಅಂದಾಜನ್ನು ಅಂದಾಜಿನ ಜೊತೆಗೇ ಹೋಲಿಸಿ, ಖರ್ಚಾದ ಹಣದ ಜೊತೆ ಬೇಡ. ಆಮೇಲೆ ಬೆಲೆಯೇರಿಕೆ ಕಳೆಯಬೇಕು: ಹಳೆಯ ಮೊತ್ತವನ್ನು ಆ ವರ್ಷದ ಬೆಲೆ ಸೂಚ್ಯಂಕದಿಂದ (ಒಟ್ಟಾರೆ ಬೆಲೆಮಟ್ಟ ತೋರಿಸುವ ಅಂಕಿ) ಭಾಗಿಸಿ, ಈಗಿನ ಸೂಚ್ಯಂಕದಿಂದ ಗುಣಿಸಿ. ವೆಚ್ಚವು ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, ಎಷ್ಟು ಪಾಲು ಎಂಬುದೊಂದನ್ನೇ ನಂಬಬೇಡಿ. ಜಿಡಿಪಿ ಬೇಗ ಬೆಳೆದರೆ ವೆಚ್ಚ ಹೆಚ್ಚಿದರೂ ಪಾಲು ಇಳಿಯುತ್ತದೆ.