ಹೊಂಗೆ ಚಿಗುರಿತು, ಉಲ್ಲನ್ ಏನು ಮಾಡಲಿ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಒಂದು ವರ್ಷದ ಮೊಮ್ಮಗನಿಗೆ ಅಂತ ಸ್ವೆಟರ್ ಶುರು ಮಾಡಿದೆ. ಬೆನ್ನಿನ ಭಾಗ ಮುಗಿದಿದೆ, ಮುಂಭಾಗ ಅರ್ಧಕ್ಕೆ ನಿಂತಿದೆ. ಈಗ ಯುಗಾದಿ ಹತ್ತಿರ ಬಂತು. ಮಧ್ಯಾಹ್ನ ಉಲ್ಲನ್ ಹಿಡಿದರೆ ಕೈ ಬೆವರಿ ಎಳೆ ಕಡ್ಡಿಗೆ ಅಂಟುತ್ತದೆ. ಹೋಗಲಿ, ಪುಸ್ತಕ ಓದೋಣ ಅಂದರೆ ಕೈ ಸುಮ್ಮನಿರುವುದಿಲ್ಲ. ಎರಡೂ ಒಟ್ಟಿಗೆ ಆಗುತ್ತದಾ?
– ಬೆಂಗಳೂರಿನ ಓದುಗರು

ಉತ್ತರ: ಆಗುತ್ತದೆ, ಆದರೆ ಈ ಸ್ವೆಟರ್ ಹಿಡಿದುಕೊಂಡಲ್ಲ. ಅದನ್ನು ನವೆಂಬರ್‌ವರೆಗೆ ಮಲಗಿಸಿ. ಕಡ್ಡಿಯಲ್ಲೇ ಬಿಟ್ಟು ಎತ್ತಿಡಬೇಡಿ, ತಿಂಗಳುಗಟ್ಟಲೆ ಹಾಗೇ ಇದ್ದರೆ ಆ ಸಾಲು ಹಿಗ್ಗಿ ಗೆರೆ ಬಿದ್ದಂತೆ ಕಾಣುತ್ತದೆ. ದಪ್ಪ ಸೂಜಿಗೆ ಬೇರೆ ಬಣ್ಣದ ದಾರ ಪೋಣಿಸಿ, ಎಲ್ಲ ಕುಣಿಕೆಗಳನ್ನೂ ಅದರ ಮೇಲೆ ತೆಗೆದುಕೊಳ್ಳಿ. ಎಷ್ಟನೇ ಸಾಲು, ಯಾವ ನಂಬರ್ ಕಡ್ಡಿ ಅಂತ ಚೀಟಿ ಬರೆದು ಅದಕ್ಕೇ ಪಿನ್ ಮಾಡಿ. ಈಗ ನೆನಪಿದೆ ಅನ್ನಿಸುತ್ತದೆ, ನವೆಂಬರ್‌ನಲ್ಲಿ ಖಂಡಿತ ಇರುವುದಿಲ್ಲ (ನನ್ನ ಅನುಭವ, ಎರಡು ಸಲ). ಇನ್ನೊಂದು ಮಾತು, ಮೊಮ್ಮಗ ನಿಮ್ಮ ಸ್ವೆಟರ್ ಮುಗಿಯಲಿ ಅಂತ ಬೆಳೆಯುವುದನ್ನು ನಿಲ್ಲಿಸುವುದಿಲ್ಲ ಅಲ್ವಾ? ಮತ್ತೆ ಶುರು ಮಾಡುವ ಮೊದಲು ಅವನ ಬೆನ್ನಿಗೆ ಹಿಡಿದು ನೋಡಿ. ಚಿಕ್ಕದಾಗಿದ್ದರೆ ಬೇರೆ ಪಾಪುವಿಗೆ ಮುಗಿಸಿ.

ಈ ಎರಡು ಮೂರು ತಿಂಗಳಿಗೆ ಕಾಟನ್ ದಾರ ತನ್ನಿ. ಕೈಗೆ ತಣ್ಣಗಿರುತ್ತದೆ, ಬೆವರನ್ನೂ ಹೀರಿಕೊಳ್ಳುತ್ತದೆ. ಆದರೆ ಉಲ್ಲನ್‌ನಂತೆ ಎಳೆದರೆ ವಾಪಸ್ ಬರುವ ಗುಣ ಅದಕ್ಕಿಲ್ಲ. ಅದಕ್ಕೇ ಸ್ವಲ್ಪ ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯಿರಿ, ಸ್ವೆಟರ್‌ನಂಥ ದೊಡ್ಡದಕ್ಕೆ ಕೈ ಹಾಕಬೇಡಿ, ತೂಕಕ್ಕೆ ಜೋತು ಬೀಳುತ್ತದೆ. ಕೈ ಒರೆಸುವ ಬಟ್ಟೆ, ತಂಬಿಗೆಯ ಕೆಳಗಿಡುವ ಚೌಕ, ಕ್ರೋಷಾ ಬರುವುದಾದರೆ ಹಬ್ಬಕ್ಕೆ ಬಾಗಿಲ ತೋರಣ, ಇಷ್ಟು ಸಾಕು.

ಓದಿನ ವಿಷಯಕ್ಕೆ ಬಂದರೆ, ಎಲ್ಲ ಸಾಲೂ ಸೀದಾ ಹೆಣೆಯುವ ಕೆಲಸ ಆರಿಸಿಕೊಳ್ಳಿ. ಅದಕ್ಕೆ ಕಣ್ಣು ಬೇಡ, ಬೆರಳಿಗೇ ಗೊತ್ತಾಗುತ್ತದೆ. ಜಾಲರಿ ಡಿಸೈನ್ ಹಿಡಿದು ಕಾದಂಬರಿ ಓದಲು ಹೋದರೆ ಎರಡೂ ಕೆಡುತ್ತವೆ. ಪುಸ್ತಕ ಹಿಡಿಯುವುದು ಯಾರು ಅಂತೀರಾ? ಅಟ್ಟದಲ್ಲಿ ಅಜ್ಜನ ವ್ಯಾಸಪೀಠ ಇದ್ದರೆ ಕೆಳಗಿಳಿಸಿ, ಅದಕ್ಕಿಂತ ಒಳ್ಳೆಯ ಪುಸ್ತಕದ ಸ್ಟ್ಯಾಂಡ್ ಆನ್‌ಲೈನ್‌ನಲ್ಲಿ ನನಗಂತೂ ಸಿಕ್ಕಿಲ್ಲ. ಹಾಳೆ ಹಾರದಂತೆ ಬಟ್ಟೆ ಕ್ಲಿಪ್ ಹಾಕಿ.

ಇಲ್ಲವೇ ಕೇಳಿ. ಕೇಳುವುದೂ ಓದೇ. ಹಿಂದೆ ಮನೆಗಳಲ್ಲಿ ಒಬ್ಬರು ಕುಮಾರವ್ಯಾಸ ಭಾರತ ಓದುತ್ತಿದ್ದರು, ಉಳಿದವರು ಹೂಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು, ಅವರಿಗೆಲ್ಲ ಭಾರತ ಬಂದದ್ದು ಕಿವಿಯಿಂದಲೇ. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೆ, ಅಂದರೆ ಹೀಗೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ. ಮೊಬೈಲ್‌ನಲ್ಲಿ ಗಮಕ ಹಾಕಿಕೊಂಡು ಬೆಳಗ್ಗೆ ಏಳರಿಂದ ಒಂಬತ್ತು, ಬಿಸಿಲೇರುವ ಮೊದಲು, ಹೊಂಗೆಯ ಹೊಸ ಎಲೆ ಕಾಣುವ ಕಿಟಕಿ ಪಕ್ಕ ಕೂತು ನೋಡಿ. ಮನೆಯವರು ಕಾಫಿ ಕೇಳಿದರೆ ಸಾಲು ಮುಗಿಯಲಿ ಅನ್ನಿ.

ಪ್ರಶ್ನೆ: ಯೂಟ್ಯೂಬ್ ನೋಡಿ 8 ನಂಬರ್ ಕಡ್ಡಿಯಲ್ಲೇ ಹೆಣೆದೆ. ಆದರೂ ಮಗಳ ಟಾಪ್ ತೀರಾ ಬಿಗಿ. ತಪ್ಪು ಎಲ್ಲಿ?
– ತುಮಕೂರಿನ ಓದುಗರು

ಉತ್ತರ: ತಪ್ಪು ನಂಬರಿನದು. ನಮ್ಮ ಅಂಗಡಿಗಳ ಕಡ್ಡಿಗೆ ಹಳೆಯ ಇಂಗ್ಲಿಷ್ ಲೆಕ್ಕ. ಅದರಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣ, 8 ಅಂದರೆ 4 ಮಿ.ಮೀ. ಅಮೆರಿಕದ ಲೆಕ್ಕ ಉಲ್ಟಾ, ಅಲ್ಲಿನ 8 ಅಂದರೆ 5 ಮಿ.ಮೀ. ನೀವು ನೋಡಿದ ವಿಡಿಯೊ ಅಲ್ಲಿಯದ್ದೇ ಇರಬೇಕು. ನಂಬರ್ ಬಿಟ್ಟು ಮಿ.ಮೀ. ನೋಡಿ. ಮೊದಲು ಸ್ವಲ್ಪ ದೊಡ್ಡ ತುಂಡು ಹೆಣೆದು, ನಡುವೆ 10 ಸೆಂ.ಮೀ. ಅಗಲಕ್ಕೆ ಎಷ್ಟು ಕುಣಿಕೆ ಬಂತು ಎಣಿಸಿ. 20 ಬರಬೇಕಾದಲ್ಲಿ 23 ಬಂದರೆ, 100 ಕುಣಿಕೆಯ ಅಗಲ 50 ಸೆಂ.ಮೀ. ಬದಲು ಸುಮಾರು 43.5 ಆಗುತ್ತದೆ. ಟಾಪ್ ಬಿಗಿಯಾದದ್ದು ಹೀಗೆ. ಬಿಚ್ಚಿ, ಅಳಬೇಡಿ. ಬಿಚ್ಚಿದ ದಾರವನ್ನು ಒದ್ದೆ ಮಾಡಿ ನೇತು ಹಾಕಿದರೆ ಸುಕ್ಕು ಹೋಗುತ್ತದೆ.

ಪ್ರಶ್ನೆ: ಸ್ವೆಟರ್ ಎತ್ತಿಡುವಾಗ ನುಸಿಗುಳಿಗೆ ಹಾಕಲೇಬೇಕಾ?
– ಚಿಕ್ಕಮಗಳೂರಿನ ಓದುಗರು

ಉತ್ತರ: ಮೊದಲು ಅದು ನಿಜವಾದ ಉಣ್ಣೆಯಾ ನೋಡಿ. ಒಂದು ಎಳೆ ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ನಮ್ಮಲ್ಲಿ ಉಲ್ಲನ್ ಅಂತ ಮಾರುವುದರಲ್ಲಿ ಜಾಸ್ತಿ ಇದೇ, ಇದನ್ನು ಹುಳು ತಿನ್ನುವುದಿಲ್ಲ. ನಿಜವಾದ ಉಣ್ಣೆಯಾದರೆ ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿಡಿ. ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಅನ್ನದ ಕಲೆ ಇದ್ದ ಕಡೆಗೇ ಅದು ಮೊದಲು ಬಾಯಿ ಹಾಕುವುದು. ಪುಟ್ಟ ಮಕ್ಕಳ ಸ್ವೆಟರ್‌ಗೆ ಮಾತ್ರ ನುಸಿಗುಳಿಗೆ ಬೇಡವೇ ಬೇಡ, ಅದರ ಆವಿಯಿಂದ ಕೆಲವು ಕೂಸುಗಳಿಗೆ ರಕ್ತದ ಕಣಗಳು ಒಡೆಯುವ ತೊಂದರೆ ಆಗುವುದುಂಟು.