ತೋಟಕ್ಕೆ ವಯಸ್ಸಾದ ಹಾಗೆ ಮಣ್ಣೂ ಕೆಡುತ್ತದಾ?

ಹಾನಗಲ್ ಹತ್ತಿರ ಹದಿನೈದು ವರ್ಷದ ಮಾವಿನ ತೋಟ, ವರ್ಷಾ ವರ್ಷ ಗೊಬ್ಬರ ಹೆಚ್ಚಿಸಿದರೂ ಫಸಲು ಏರುತ್ತಿಲ್ಲ, ತೋಟ ಹಳೆಯದಾಗಿ ಮಣ್ಣು ಕೆಟ್ಟಿತಾ ಅಂತ ಕೇಳಿದ್ದೀರಿ. ನಮ್ಮದು ಕಲಘಟಗಿ ಕಡೆ ಇಪ್ಪತ್ತೆರಡು ವರ್ಷದ ಆಪೂಸ್ ತೋಟ. ನಾನೂ ಹೀಗೇ ಸುರಿದವನು.

ತಪ್ಪು ವಯಸ್ಸಿನದಲ್ಲ. ನೆಲ ಉತ್ತು, ಗುಂಡಿ ತೋಡಿ ಸಸಿ ಹಚ್ಚಿದ ಮೊದಲ ವರ್ಷಗಳಲ್ಲೇ ಸಾವಯವ ಇಂಗಾಲ, ಅಂದರೆ ಕೊಳೆತ ಎಲೆ-ಬೇರಿನಿಂದ ಮಣ್ಣಿಗೆ ಸೇರಿದ ಇಂಗಾಲ, ಇಳಿಯುವುದು. ಮರ ಹರಡಿದ ಮೇಲೆ ಎಲೆ ಉದುರಿ, ಸಣ್ಣ ಬೇರು ಕೊಳೆತು, ಕಳೆದದ್ದು ನಿಧಾನಕ್ಕೆ ವಾಪಸ್ ಬರುತ್ತದೆ. ನಾವು ಬಿಟ್ಟರೆ ತಾನೆ! ನಮ್ಮಲ್ಲಿ ಬೇಸಿಗೆ ಬಂತೆಂದರೆ ಎಲೆ ಗುಡಿಸಿ ಬೆಂಕಿ ಹಚ್ಚುವುದೇ ಕೆಲಸ. ತೋಟ ಸ್ವಚ್ಛ ಕಾಣಬೇಕಲ್ವಾ.

ಒಮ್ಮೆ ಎರಡು ಕಡೆ ಗುದ್ದಲಿ ಹಾಕಿ ನೋಡಿದೆ. ಯೂರಿಯಾ, ಡಿಎಪಿ ಸುರಿಯುತ್ತಿದ್ದ ಬುಡದಲ್ಲಿ ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು. ಎರೆಹುಳು ಒಂದೂ ಇಲ್ಲ. ಯಾರೂ ಗುಡಿಸದ ಬೇಲಿ ಸಾಲಿನ ಮರದ ಕೆಳಗೆ ಎಲೆ ಸರಿಸಿದರೆ ಮಣ್ಣು ಕಪ್ಪಗೆ, ಪುಡಿಪುಡಿ, ಹಿಡಿದರೆ ತಂಪು. ಎರಡೂ ಒಂದೇ ವರ್ಷ ಹಚ್ಚಿದ ಮರಗಳು. ಪರೀಕ್ಷೆಗೆ ಕೊಟ್ಟರೆ ಬುಡದ ಮಣ್ಣಿನ ರಸಸಾರ, ಅದೇ ಪಿಎಚ್, 5.4. ಬೇಲಿ ಕಡೆಯದು 6.3. ಅಂಕಿ ಇಳಿದಷ್ಟೂ ಮಣ್ಣು ಹುಳಿ.

ಈ ಗೊಬ್ಬರಗಳ ಸಾರಜನಕ ಮಣ್ಣಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ನಮ್ಮ ಕೆಂಪು ಮಸಾರಿ ಅದನ್ನು ತಡೆದುಕೊಳ್ಳುವುದಿಲ್ಲ. ಗದಗ ಕಡೆಯ ಎರೆ ಭೂಮಿಯಲ್ಲಿ, ಅಂದರೆ ಕಪ್ಪು ನೆಲದಲ್ಲಿ, ಸುಣ್ಣದ ಅಂಶ ಇರುವುದರಿಂದ ಅಷ್ಟು ಬೇಗ ಹುಳಿಯಾಗುವುದಿಲ್ಲ. ಅಲ್ಲಿ ರಂಜಕ ಮಣ್ಣಲ್ಲೇ ಸಿಕ್ಕಿಬೀಳುತ್ತದೆ, ಗಿಡಕ್ಕೆ ಸತು ಸಿಗುವುದಿಲ್ಲ. ಅದು ಬೇರೆ ತಾಪತ್ರಯ. ಎರೆ ಭೂಮಿಯ ಬೀಗರ ಲೆಕ್ಕ ಕೇಳಿ ಕೆಂಪು ನೆಲಕ್ಕೆ ಹಾಕಬೇಡಿ.

ಇನ್ನು ಪ್ರಮಾಣ. ಮಾವಿಗೆ ಹೇಳುವ ಲೆಕ್ಕ, ಮರದ ವಯಸ್ಸಿನ ಒಂದೊಂದು ವರ್ಷಕ್ಕೆ 170 ಗ್ರಾಂ ಯೂರಿಯಾ. ಆದರೆ ಏರಿಕೆ ಹತ್ತು ವರ್ಷದವರೆಗೆ ಮಾತ್ರ. ಆಮೇಲೆ ವರ್ಷಕ್ಕೆ 1.7 ಕೆಜಿಗೇ ನಿಲ್ಲಿಸಿ, ಎರಡು ಕಂತಿನಲ್ಲಿ ಕೊಡಬೇಕು. ನೀವು ಐದು ವರ್ಷದಿಂದ ಜಾಸ್ತಿ ಹಾಕುತ್ತಿದ್ದೀರಿ, ಸುಮ್ನೆ ದುಡ್ಡು ದಂಡ. ಬುಡಕ್ಕಂತೂ ಹಾಕಲೇಬೇಡಿ. ಉಣ್ಣುವ ಬೇರು ಇರುವುದು ಟೊಂಗೆಯ ತುದಿಯ ನೇರಕ್ಕೆ. ಅಲ್ಲಿ ಸುತ್ತಲೂ ಕಾಲುವೆ ತೆಗೆದು, ತಿಪ್ಪೆ ಗೊಬ್ಬರದ ಜೊತೆ ಹಾಕಿ ಮುಚ್ಚಿ.

ಈ ಸಲ ಗೊಬ್ಬರ ಕೊಳ್ಳುವ ಮೊದಲು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ. ಒಂದಡಿ ಆಳದ್ದು, ಎರಡಡಿ ಆಳದ್ದು ಬೇರೆ ಬೇರೆ ಚೀಲದಲ್ಲಿ ಒಯ್ಯಿರಿ. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗೆ ಬಂದರೆ ಮೊದಲು ಬೆಂಕಿಪೊಟ್ಟಣ ಬಚ್ಚಿಡಿ. ಹುಳಿ ಇಳಿಸಲು ಸುಣ್ಣ ಎಷ್ಟು ಬೇಕೆಂಬುದು ವರದಿ ನೋಡಿದ ಮೇಲೆ.