ಮುಂದಿನ ನಂಬರ್ ಪ್ಲೇಟ್ ಬೇಕೇ ಬೇಕಾ ಎಂದು ಕೇಳುವವರಿಗೆ

ನಾನು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ವಿಮೆ, ಪರಿಹಾರದ ಬಗ್ಗೆ ಓದುಗರಿಂದ ಪ್ರಶ್ನೆ ಬರಬಹುದು ಅಂದುಕೊಂಡಿದ್ದೆ. ಬರುತ್ತಿರುವುದು ನಂಬರ್ ಪ್ಲೇಟಿನ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಅರ್ಧಕ್ಕರ್ಧ ಜನ ಕೇಳುವುದು ಹೇಗೆ ತಪ್ಪಿಸಿಕೊಳ್ಳುವುದು ಅಂತ. ನನಗೆ ಇದರಿಂದ ಸಿಟ್ಟು ಬಂದಿದೆ. ಅದಕ್ಕೇ ಇವತ್ತು ಎಲ್ಲಕ್ಕೂ ಒಟ್ಟಿಗೆ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ನನ್ನ ಬೈಕಿನ ಹಿಂದೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್) ಇದೆ. ಮುಂದಿನದು ನೋಡಲು ಚೆನ್ನಾಗಿಲ್ಲ ಅಂತ ಬಿಚ್ಚಿ ಮನೆಯಲ್ಲಿಟ್ಟಿದ್ದೇನೆ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಕಾರಿಗೂ ಮುಂದೆ ಪ್ಲೇಟ್ ಇಲ್ಲ. ಹಿಂದೆ ನಂಬರ್ ಇದ್ದರೂ ಇಲ್ಲಿ ಪೊಲೀಸರು ಯಾಕೆ ಹಿಡಿಯುತ್ತಾರೆ?

ಅಮೆರಿಕದ ಮಾತು ಮೊದಲು ಮುಗಿಸೋಣ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಫ್ಲೋರಿಡಾ, ಪೆನ್ಸಿಲ್ವೇನಿಯಾ, ಮಿಶಿಗನ್‌ಗಳಲ್ಲಿ ಕಾರಿನ ಹಿಂದೆ ಒಂದು ಪ್ಲೇಟ್ ಇದ್ದರೆ ಸಾಕು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ಎರಡೂ ಬೇಕು. ಒಹಾಯೋ ರಾಜ್ಯ 2020ರ ಜುಲೈ 1ರಿಂದ ಮುಂದಿನದನ್ನು ಕೈಬಿಟ್ಟಿತು. ಆಗ ಕೈಬಿಡಬೇಡಿ ಅಂದವರಲ್ಲಿ ಅಲ್ಲಿನ ಪೊಲೀಸರೇ ಇದ್ದರು. ನಿಮ್ಮ ಚಿಕ್ಕಪ್ಪ ಇರುವ ರಾಜ್ಯದ ನಿಯಮ ಅವರಿಗೆ. ನೀವು ಓಡಿಸುತ್ತಿರುವುದು ಇಲ್ಲಿ.

ನಮ್ಮಲ್ಲಿ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಗಾಡಿ ನೋಂದಣಿ ಆಗಿದ್ದರೆ ಸಾಲದು, ನಂಬರನ್ನು ನಿಯಮದಲ್ಲಿ ಹೇಳಿದ ರೀತಿಯಲ್ಲೇ ತೋರಿಸಬೇಕು. ಆ ರೀತಿ ಯಾವುದು ಅಂತ 1989ರ ಕೇಂದ್ರ ನಿಯಮಗಳ 50ನೇ ನಿಯಮ ಹೇಳುತ್ತದೆ. ಹಿಂದೆಯೂ ಬೇಕು, ಮುಂದೆಯೂ ಬೇಕು. ರಸ್ತೆಯಲ್ಲಿ ಇದು ಸಾಮಾನ್ಯವಾಗಿ 500 ರೂಪಾಯಿ ದಂಡಕ್ಕೆ ಮುಗಿಯುತ್ತದೆ. ಹಾಗಾಗಿ ಜನ ಇದನ್ನು ಸಣ್ಣ ವಿಷಯ ಅಂದುಕೊಂಡಿದ್ದಾರೆ. ಆದರೆ 39ನೇ ಸೆಕ್ಷನ್ ಮೀರಿದ್ದಕ್ಕೆ 192ನೇ ಸೆಕ್ಷನ್ ಹಾಕಿದರೆ ಮೊದಲ ಸಲಕ್ಕೇ ದಂಡ 5,000 ರೂಪಾಯಿ ತನಕ ಹೋಗಬಹುದು. ಎರಡನೇ ಸಲ 10,000 ತನಕ, ಒಂದು ವರ್ಷದ ತನಕ ಜೈಲೂ ಆಗಬಹುದು.

ಮುಂದಿನದೇ ಯಾಕೆ ಬೇಕು? ಕ್ಯಾಮೆರಾ ಎಲ್ಲಿರುತ್ತದೆ ಯೋಚಿಸಿ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ನಿಯಮ ಮೀರಿದವರನ್ನು ಕ್ಯಾಮೆರಾದಿಂದಲೇ ಹಿಡಿಯುವ ಸ್ವಯಂಚಾಲಿತ ವ್ಯವಸ್ಥೆ ಶುರುವಾಯಿತು. ಅದರಲ್ಲಿ ನಂಬರ್ ಓದುವ ಕ್ಯಾಮೆರಾಗಳೇ 250. ಹೆಲ್ಮೆಟ್ ಇದೆಯಾ, ಸೀಟ್ ಬೆಲ್ಟ್ ಹಾಕಿದ್ದಾರಾ, ಕೈಯಲ್ಲಿ ಫೋನ್ ಇದೆಯಾ ಅನ್ನುವುದು ಸರಿಯಾಗಿ ಕಾಣುವುದು ಎದುರಿನಿಂದ. ಅದೇ ಫೋಟೋದಲ್ಲಿ ನಂಬರೂ ಇದ್ದರೆ ಓಡಿಸಿದವರು, ಗಾಡಿ ಎರಡೂ ಒಂದೇ ಚಿತ್ರದಲ್ಲಿ ಸಿಕ್ಕಂತೆ. ಹಿಂದಿನಿಂದ ತೆಗೆದ ಫೋಟೋದಲ್ಲಿ ಬೆನ್ನು ಕಾಣುತ್ತದೆ ಅಷ್ಟೇ. ಸಿಗ್ನಲ್‌ನಲ್ಲಿ ನಿಂತ ಪೊಲೀಸರಿಗೂ ಮೊದಲು ಕಾಣುವುದು ನಿಮ್ಮ ಗಾಡಿಯ ಮುಂಭಾಗವೇ. ಅಲ್ಲಿ ನಂಬರ್ ಇಲ್ಲ ಅಂದರೆ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ಬರೀ ಪ್ಲೇಟ್ ನೋಡಿ ಬಿಡುವುದಿಲ್ಲ. ವಿಮೆ, ಹೊಗೆ ತಪಾಸಣೆ, ಹಳೆಯ ದಂಡ, ಎಲ್ಲವೂ ಹೊರಗೆ ಬರುತ್ತದೆ.

ನನಗೆ ಮುಖ್ಯವಾದ ಕಾರಣ ಇದಲ್ಲ. ನನ್ನ ಕಚೇರಿಗೆ ಬರುವವರು ದಂಡ ಕಟ್ಟಿದವರಲ್ಲ, ಮನೆಯವರನ್ನು ಕಳೆದುಕೊಂಡವರು. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಬಂದಿದ್ದರು. ಮಗ ಹಾಲಿನ ಡೈರಿಗೆ ಹೋಗಿ ವಾಪಸ್ ಬರುವಾಗ ಬೈಕೊಂದು ಗುದ್ದಿ ನಿಲ್ಲಿಸದೆ ಹೋಯಿತು. ಹುಡುಗ ಉಳಿಯಲಿಲ್ಲ. ರಸ್ತೆಯ ಆ ಕಡೆ ನಿಂತಿದ್ದ ಇಬ್ಬರು ಬೈಕನ್ನು ಎದುರಿನಿಂದಲೇ ನೋಡಿದ್ದರು. ಅವರು ಹೇಳಿದ್ದು ಇಷ್ಟೇ: 'ಮುಂದೆ ಯಾವುದೋ ಸ್ಟಿಕರ್ ಇತ್ತು ಸಾರ್, ನಂಬರ್ ಇರಲಿಲ್ಲ.' ಹಿಂದಿನ ಪ್ಲೇಟ್ ಓದುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಗಾಡಿ ಯಾವುದು ಅಂತ ಗೊತ್ತಾದರೆ ಕ್ಲೇಮು ಟ್ರಿಬ್ಯುನಲ್‌ಗೆ, ಅಂದರೆ ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಸತ್ತವರ ವಯಸ್ಸು, ಸಂಪಾದನೆ, ಅವರನ್ನೇ ನಂಬಿದವರು ಎಷ್ಟು ಜನ ಅಂತ ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ವಿಮಾ ಕಂಪನಿ ಕೊಡಬೇಕಾಗುತ್ತದೆ. ಗಾಡಿ ಗೊತ್ತಾಗದಿದ್ದರೆ ಉಳಿಯುವುದು ಸರ್ಕಾರದ ಹಿಟ್ ಅಂಡ್ ರನ್ (ಗುದ್ದಿ ಓಡಿದ ಗಾಡಿಯ) ಪರಿಹಾರ ಯೋಜನೆ ಒಂದೇ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದೂ 2022ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು ಸಾವಿಗೆ ಕೊಡುತ್ತಿದ್ದದ್ದು 25,000. ಆ ತಾಯಿಗೆ ಸಿಕ್ಕಿದ್ದು ಆ ಹಳೆಯ ಲೆಕ್ಕದ ದುಡ್ಡು. ಇಪ್ಪತ್ತೆರಡು ವರ್ಷದ ಮಗನಿಗೆ ಇಪ್ಪತ್ತೈದು ಸಾವಿರ. 'ಲುಕ್ ಹಾಳಾಗುತ್ತದೆ' ಅಂತ ಯಾರಾದರೂ ಬರೆದಾಗ ನನಗೆ ಆ ಹೆಣ್ಣುಮಗಳ ಮುಖ ನೆನಪಾಗುತ್ತದೆ.

ಬೈಕಿನವರು ಇನ್ನೊಂದು ವಿಷಯ ಗಮನಿಸಿ. ಹಳೆಯ ಬುಲೆಟ್, ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಮುಂದಿನ ಮಡ್‌ಗಾರ್ಡ್ ಮೇಲೆ ಉದ್ದಕ್ಕೆ ನಿಲ್ಲಿಸಿದ ಪ್ಲೇಟ್ ಇರುತ್ತಿತ್ತು. ಎರಡು ಪಕ್ಕದಿಂದ ಓದಬಹುದು, ಎದುರಿನಿಂದ ಬರೀ ಅಂಚು ಕಾಣುತ್ತದೆ. ಈಗಿನ ನಿಯಮದಲ್ಲಿ ಅದು ನಡೆಯುವುದಿಲ್ಲ. ಪ್ಲೇಟ್ ಹ್ಯಾಂಡಲ್‌ಗೆ ಸಮಾನಾಂತರವಾಗಿ, ಎದುರಿಗೆ ಮುಖ ಮಾಡಿ ಇರಬೇಕು. ಡಿಕ್ಕಿಯಾದಾಗ ಆ ಹಳೆಯ ತಗಡಿನ ಅಂಚು ಮನುಷ್ಯರನ್ನು ಕತ್ತಿಯ ಹಾಗೆ ಕೊಯ್ಯುತ್ತದೆ. ಬ್ರಿಟನ್ನಿನಲ್ಲಿ ಪಾದಚಾರಿಗಳಿಗೆ ಅಪಾಯ ಅಂತಲೇ 1975ರಲ್ಲಿ ಬೈಕಿಗೆ ಮುಂದಿನ ಪ್ಲೇಟ್ ಕಡ್ಡಾಯ ಅನ್ನುವುದನ್ನು ತೆಗೆದುಹಾಕಿದರು. ಹಳೆಯ ಗಾಡಿಯ ಮೇಲೆ ನಿಮಗೆ ಪ್ರೀತಿ ಇದ್ದರೆ ಸಂತೋಷ. ಆ ಪ್ಲೇಟನ್ನು ಬಿಚ್ಚಿ ಗೋಡೆಗೆ ಹಾಕಿಕೊಳ್ಳಿ, ಗಾಡಿಗೆ ಸರಿಯಾದದ್ದು ಹಾಕಿಸಿ.

ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿ ಪ್ಲೇಟ್ ಮುಚ್ಚಿದವರಿಗೂ ಇದೇ ಉತ್ತರ. ಅಂಥ ಗಾರ್ಡೇ ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ಪ್ರಶ್ನೆ: ಕ್ಯಾಮೆರಾಗೆ ನಂಬರ್ ಕಾಣದ ಹಾಗೆ ಮಾಡುವ ಸ್ಪ್ರೇ ಕೆಲಸ ಮಾಡುತ್ತದೆಯೇ?

ಇಲ್ಲ. ಅದನ್ನು ಮಾರುವವರು ನಿಮ್ಮ ದುಡ್ಡು ಹೊಡೆಯುತ್ತಿದ್ದಾರೆ. ಕೆಲಸ ಮಾಡಿದರೂ ನಾನು ಹೇಳಿಕೊಡುವುದಿಲ್ಲ. ಟೇಪ್ ಅಂಟಿಸುವುದು, ಒಂದು ಅಂಕಿಯನ್ನು ತಿದ್ದುವುದು ಟ್ರಾಫಿಕ್ ದಂಡದ ವಿಷಯವಾಗಿ ಉಳಿಯುವುದಿಲ್ಲ. ವಂಚನೆಯ ಕ್ರಿಮಿನಲ್ ಕೇಸು ಆಗುತ್ತದೆ. ಅಂಥವರ ಪರವಾಗಿ ನಾನು ವಕಾಲತ್ತು ಹಾಕುವುದಿಲ್ಲ.

ಪ್ರಶ್ನೆ: ರಸ್ತೆಬದಿ ಅಂಗಡಿಯಲ್ಲಿ ಎಚ್‌ಎಸ್‌ಆರ್‌ಪಿ ತರಹದ್ದೇ ಕಡಿಮೆ ಬೆಲೆಗೆ ಹಾಕಿಕೊಡುತ್ತಾರೆ. ಸಾಲದೇ?

ಸಾಲದು. ಅಸಲಿಯಲ್ಲಿ 20 ಮಿಲಿಮೀಟರ್ ಚೌಕದ ಅಶೋಕ ಚಕ್ರದ ಹೊಲೊಗ್ರಾಮ್ ಇರುತ್ತದೆ. ಕೆಳಗೆ ಎಡಕ್ಕೆ ಲೇಸರ್‌ನಿಂದ ಕೊರೆದ ಸಂಖ್ಯೆ ಇರುತ್ತದೆ. ಆ ಸಂಖ್ಯೆ ನಿಮ್ಮ ಗಾಡಿಯ ದಾಖಲೆಗೆ ಜೋಡಣೆ ಆಗಿರುತ್ತದೆ. ಅಂಗಡಿಯವರು ಅಕ್ಷರ ಉಬ್ಬಿಸಬಹುದು, 'ಐಎನ್‌ಡಿ' ಅಂತ ಅಂಟಿಸಬಹುದು. ದಾಖಲೆಗೆ ಜೋಡಿಸಲು ಅವರಿಂದ ಆಗದು. 2019ರ ಏಪ್ರಿಲ್ 1ಕ್ಕೂ ಮೊದಲಿನ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಹಾಕಿಸಲು ನಮ್ಮ ರಾಜ್ಯ ಮೊದಲು ಕೊಟ್ಟ ಗಡುವು 2023ರ ನವೆಂಬರ್ 17. ಆಮೇಲೆ ಎಷ್ಟು ಸಲ ಮುಂದಕ್ಕೆ ಹಾಕಿದರು! ಆದರೂ ಇನ್ನೂ ಅಗ್ಗದ ದಾರಿ ಕೇಳುತ್ತೀರಿ. ಸಾರಿಗೆ ಇಲಾಖೆಯ ಜಾಲತಾಣದಿಂದಲೇ ಬುಕ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಲಿಂಕ್ ಮುಟ್ಟಬೇಡಿ. ನಕಲಿ ಜಾಲತಾಣಕ್ಕೆ ದುಡ್ಡು ಕಟ್ಟಿ ಮೋಸ ಹೋದವರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ಕನ್ನಡ ಅಂಕಿಯಲ್ಲಿ ನಂಬರ್ ಬರೆಸಿದ್ದಕ್ಕೆ ದಂಡ ಹಾಕಿದರು. ಇದು ಕನ್ನಡಕ್ಕೆ ಅವಮಾನ ಅಲ್ವಾ?

ಅಲ್ಲ. ಕನ್ನಡದ ಅಂಕಿ ಅಂದರೆ ನನಗೂ ಇಷ್ಟ, ಡೈರಿಯಲ್ಲಿ ದಿನಾಂಕ ಬರೆಯುವುದೂ ಅದರಲ್ಲೇ. ಆದರೆ ಇಡೀ ದೇಶಕ್ಕೆ ನಿಯಮ ಒಂದೇ: ಇಂಗ್ಲಿಷ್ ಅಕ್ಷರ, 1, 2, 3 ಅಂಕಿ. ಮರಾಠಿ ಅಂಕಿ ಬರೆಸಿದ ಗಾಡಿಯೊಂದು ಬೆಳಗಾವಿಯಲ್ಲಿ ನಿಮ್ಮ ಅಣ್ಣನಿಗೆ ಗುದ್ದಿ ಓಡಿಹೋದರೆ, ನೋಡಿದವರು ಆ ನಂಬರನ್ನು ಸರಿಯಾಗಿ ಓದಿ ಹೇಳುತ್ತಾರಾ?

ಪ್ರಶ್ನೆ: ಆಯುಧಪೂಜೆಗೆ ಕಟ್ಟಿದ ಹಾರ, ಬಾಳೆಕಂದು ಪ್ಲೇಟ್ ಮುಚ್ಚಿದರೂ ದಂಡವೇ?

ಹಾರವನ್ನು ಪ್ಲೇಟಿಗಿಂತ ಮೇಲೆ ಕಟ್ಟಿ.

ಪ್ರಶ್ನೆ: ಪೊಲೀಸರು ಬೈಕಿನ ಕೀ ಕಿತ್ತುಕೊಂಡರು. ಸರಿಯೇ?

ಸರಿಯಲ್ಲ, ಕೀ ಕಿತ್ತುಕೊಳ್ಳಿ ಅಂತ ಯಾವ ಸೆಕ್ಷನ್ನೂ ಹೇಳುವುದಿಲ್ಲ. ಜಗಳ ಆಡದೆ ರಸೀದಿ ಕೇಳಿ, ಆಮೇಲೆ ಅವರ ಮೇಲಧಿಕಾರಿಗೆ ಬರೆದು ಕೊಡಿ.

ಪ್ರಶ್ನೆ: ನಾನು ಹೋಗದೇ ಇರುವ ಊರಿನಿಂದ ನನ್ನ ಸ್ಕೂಟರ್ ಹೆಸರಿಗೆ ನೋಟಿಸ್ ಬಂದಿದೆ. ಮುಂದಿನ ಪ್ಲೇಟ್ ಮೂರು ತಿಂಗಳ ಹಿಂದೆ ಕಳೆದುಹೋಗಿತ್ತು. 200–300 ರೂಪಾಯಿಯ ತಗಡು ಅಂತ ಸುಮ್ನೆ ಬಿಟ್ಟಿದ್ದೆ.

ನನಗೆ ಭಯ ಹುಟ್ಟಿಸಿದ ಪತ್ರ ಇದು. ಆ ತಗಡು ಈಗ ಬೇರೆಯವರ ಗಾಡಿಯ ಮೇಲೆ ಇರಬಹುದು. ಹಿಂದಿನ ಪ್ಲೇಟಿಗೆ ಒಮ್ಮೆ ಹಾಕಿದರೆ ಬಿಚ್ಚಲಾಗದ ಲಾಕ್ ಇರುತ್ತದೆ. ಮುಂದಿನದು ಹೆಚ್ಚಾಗಿ ಎರಡು ಸ್ಕ್ರೂ ಮೇಲೆ ನಿಂತಿರುತ್ತದೆ. ನಾನಂತೂ ವಾರಕ್ಕೊಮ್ಮೆ ಅದನ್ನು ಅಲ್ಲಾಡಿಸಿ ನೋಡುತ್ತೇನೆ.

ಮೊದಲು ನೋಟಿಸಿನ ಫೋಟೋ ನೋಡಿ. ಗಾಡಿಯ ಮಾಡೆಲ್, ಬಣ್ಣ ನಿಮ್ಮದಕ್ಕೆ ಹೊಂದುತ್ತದಾ? ಹೊಂದದಿದ್ದರೆ ಆ ಫೋಟೋ, ಆರ್‌ಸಿ, ನಿಮ್ಮ ಸ್ಕೂಟರಿನ ಫೋಟೋ ಮೂರನ್ನೂ ಸೇರಿಸಿ ನೋಟಿಸ್ ಕಳಿಸಿದ ಟ್ರಾಫಿಕ್ ಪೊಲೀಸರಿಗೆ ಅರ್ಜಿ ಕೊಡಿ. ದಂಡ ಕಟ್ಟಿ ಮುಗಿಸಿಬಿಡೋಣ ಅಂದುಕೊಳ್ಳಬೇಡಿ. ಕಟ್ಟಿದರೆ ಆ ಗಾಡಿ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ಆಗುತ್ತದೆ. ನಿಮ್ಮ ಊರಿನ ಠಾಣೆಯಲ್ಲಿ ಪ್ಲೇಟ್ ಕಳೆದುಹೋದ ಬಗ್ಗೆ ದೂರು ಬರೆಸಿ, ಪ್ರತಿ ಇಟ್ಟುಕೊಳ್ಳಿ. ಹೊಸ ಪ್ಲೇಟ್ ಬುಕ್ ಮಾಡಲು ಅದೇ ಬೇಕು. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿ ಓಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಆಗ ದೂರಿನ ಪ್ರತಿಯ ಮೇಲೆ ಅಪಘಾತಕ್ಕಿಂತ ಹಿಂದಿನ ತಾರೀಖು ಇರಬೇಕು. ಈಗಾಗಲೇ ಮೂರು ತಿಂಗಳು ತಡವಾಗಿದೆ. ಇವತ್ತೇ ಠಾಣೆಗೆ ಹೋಗಿ.